ಗಾಡಿಯ ವಿಮೆ: ಮಗ ಓಡಿಸಿದರೆ ಕಂತು ಹೆಚ್ಚಾಗುತ್ತದೆಯೇ?



ರಾಸುಗಳ ವಿಮೆಯ ಬಗ್ಗೆ ಸಂಘಗಳಲ್ಲಿ ಸಭೆ ನಡೆಸಿದಾಗಲೆಲ್ಲ ಕೊನೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಗಾಡಿಯ ವಿಮೆಯ ವಿಚಾರ ತೆಗೆಯುತ್ತಾರೆ. ಈಗ ಹಾಲು ಉತ್ಪಾದಕರ ಮನೆಗಳಲ್ಲೂ ಕಾರು, ಪಿಕಪ್, ಟಾಟಾ ಏಸ್‌ಗಳು ಬಂದಿವೆ. ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವವನು ಮಗ. ಕೆಲವೆಡೆ ಆರ್.ಸಿ. ಅತ್ತೆಯ ಹೆಸರಿನಲ್ಲಿ, ಸ್ಟೇರಿಂಗ್ ಅಳಿಯನ ಕೈಯಲ್ಲಿ. ಆದ್ದರಿಂದ ಪ್ರಶ್ನೆ ಸಹಜವಾದದ್ದೇ: "ಮಗನ ಹೆಸರನ್ನೂ ಪಾಲಿಸಿಯಲ್ಲಿ ಸೇರಿಸಬೇಕೇ? ಸೇರಿಸಿದರೆ ಎಷ್ಟು ಜಾಸ್ತಿ ಕಟ್ಟಬೇಕು? ಸೇರಿಸದೆ ಅವನು ಓಡಿಸಿ ಅಪಘಾತವಾದರೆ ಕಂಪನಿ ಹಣ ಕೊಡುತ್ತದೆಯೇ?"

ಇದು ನನ್ನ ಇಲಾಖೆಯ ವಿಷಯವಲ್ಲ. ಆದರೂ ಹತ್ತು ಹಸು ಕಟ್ಟಿ ಸಂಪಾದಿಸಿದ್ದು ಒಂದು ಅಪಘಾತದಲ್ಲಿ ಕೈಬಿಟ್ಟು ಹೋಗಬಹುದಾದ ಕಾರಣ, ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಗೊಂದಲವನ್ನು ತೆಗೆದುಹಾಕೋಣ. ಬ್ರಿಟನ್ನಿನಂತಹ ದೇಶಗಳಲ್ಲಿ ಕಾರಿನ ವಿಮೆ ಮಾಡಿಸುವಾಗ ಯಾರ್ಯಾರು ಓಡಿಸುತ್ತಾರೆಂದು ಹೆಸರು ಹಿಡಿದು ಬರೆಸಬೇಕಾಗುತ್ತದೆ. ಪ್ರತಿಯೊಬ್ಬರ ವಯಸ್ಸು, ಉದ್ಯೋಗ, ಹಿಂದಿನ ಅಪಘಾತ, ದಂಡ ಎಲ್ಲವನ್ನೂ ಕೇಳಿ ಕಂತು ನಿಗದಿ ಮಾಡುತ್ತಾರೆ. ಅಪ್ಪನ ಪಾಲಿಸಿಗೆ ಹದಿನೆಂಟರ ಮಗನ ಹೆಸರು ಸೇರಿಸಿದರೆ ಕಂತು ಏರುತ್ತದೆ. ಮಗನ ಪಾಲಿಸಿಗೆ ಬಹುಕಾಲದಿಂದ ಅಪಘಾತವಿಲ್ಲದೆ ಓಡಿಸಿದ ತಾಯಿಯ ಹೆಸರು ಸೇರಿಸಿದರೆ ಇಳಿಯುವುದೂ ಉಂಟು. ಕಂತು ಉಳಿಸಲೆಂದು, ದಿನವೂ ಮಗನೇ ಓಡಿಸುವ ಕಾರಿಗೆ ಅಪ್ಪನೇ ಮುಖ್ಯ ಚಾಲಕನೆಂದು ಬರೆಸಿದರೆ ಅಲ್ಲಿ ಅದನ್ನು ವಂಚನೆಯೆಂದು ಎಣಿಸುತ್ತಾರೆ, ಪರಿಹಾರವೂ ತಪ್ಪುತ್ತದೆ. ಹೊರದೇಶದಲ್ಲಿರುವ ನೆಂಟರು ಊರಿಗೆ ಬಂದಾಗ ಹೇಳುವುದು ಈ ಪದ್ಧತಿಯನ್ನು. ಅವರು ಹೇಳುವುದು ಸುಳ್ಳಲ್ಲ, ಆದರೆ ಅದು ನಮ್ಮ ದೇಶದ ಪದ್ಧತಿಯಲ್ಲ.

ನಮ್ಮಲ್ಲಿ ವಿಮೆ ಗಾಡಿಯ ಹಿಂದೆ ಹೋಗುತ್ತದೆ. ಹಸುವಿನ ವಿಮೆಯಲ್ಲಿ ಕಿವಿಯೋಲೆಯ ನಂಬರು ನೋಡುತ್ತಾರೆಯೇ ಹೊರತು ಹಾಲು ಕರೆಯುವವರು ಅತ್ತೆಯೋ ಸೊಸೆಯೋ ಎಂದು ಕೇಳುವುದಿಲ್ಲವಷ್ಟೆ? ಇದೂ ಹಾಗೆಯೇ. ಪಾಲಿಸಿಯ ಕಾಗದದಲ್ಲಿ ಚಾಲಕರ ಬಗ್ಗೆ ಒಂದು ಷರತ್ತು ಇರುತ್ತದೆ. ಅದರ ಸಾರಾಂಶವಿಷ್ಟು: ವಿಮೆ ಮಾಡಿಸಿದವರು ಸೇರಿದಂತೆ ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಮತ್ತು ಲೈಸೆನ್ಸ್ ಹೊಂದಲು ಅನರ್ಹರಾಗಿರಬಾರದು. ಹೀಗಾಗಿ ಮಗನ ಹೆಸರು ಸೇರಿಸುವ ಪ್ರಶ್ನೆಯೂ ಇಲ್ಲ, ಸೇರಿಸಿದ್ದಕ್ಕೆ ಹೆಚ್ಚು ಕಟ್ಟುವ ಪ್ರಶ್ನೆಯೂ ಇಲ್ಲ.

ಇಷ್ಟಕ್ಕೇ ಸಮಾಧಾನಪಟ್ಟು ಪತ್ರಿಕೆ ಮಡಚಿಡಬೇಡಿ. ಯಾರು ಓಡಿಸುತ್ತಾರೆಂಬುದು ಕಂತು ಕಟ್ಟುವಾಗ ಲೆಕ್ಕಕ್ಕೆ ಬರದಿದ್ದರೂ ಆಮೇಲೆ ಬೇರೆ ಬೇರೆ ದಾರಿಯಿಂದ ಬಂದೇ ಬರುತ್ತದೆ.

ಕಂತು ನಿರ್ಧಾರವಾಗುವುದು ಹೇಗೆ?

ಪಾಲಿಸಿಯಲ್ಲಿ ಎರಡು ಭಾಗಗಳಿವೆ. ಒಂದು, ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟಕ್ಕೆ. ಇದನ್ನು ಥರ್ಡ್ ಪಾರ್ಟಿ ವಿಮೆ ಎನ್ನುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಇದು ಕಡ್ಡಾಯ. ಎರಡನೆಯದು ನಮ್ಮ ಗಾಡಿಗೇ ಆಗುವ ಹಾನಿ, ಕಳವು, ಬೆಂಕಿ ಮುಂತಾದವಕ್ಕೆ. ಇದು ನಮ್ಮ ಇಷ್ಟಕ್ಕೆ ಬಿಟ್ಟದ್ದು, ಸಾಲ ಕೊಟ್ಟ ಬ್ಯಾಂಕು ಮಾತ್ರ ಬಿಡುವುದಿಲ್ಲ.

ಥರ್ಡ್ ಪಾರ್ಟಿ ಕಂತನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ಕಂಪನಿ ಯಾವುದಾದರೂ ದರ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿ.ಸಿ. ಒಳಗಿನ ಖಾಸಗಿ ಕಾರಿಗೆ 2,094 ರೂ., 1000ದಿಂದ 1500 ಸಿ.ಸಿ.ವರೆಗೆ 3,416 ರೂ., ಅದಕ್ಕೂ ಮೇಲ್ಪಟ್ಟದ್ದಕ್ಕೆ 7,897 ರೂ. ಇತ್ತು. 7,500 ಕೆ.ಜಿ. ಒಳಗಿನ ನಾಲ್ಕು ಚಕ್ರದ ಸರಕು ಗಾಡಿ ಬಾಡಿಗೆಗೆ ಓಡುವುದಾದರೆ 16,049 ರೂ., ಮಾಲೀಕನ ಸ್ವಂತ ಸರಕು ಮಾತ್ರ ಸಾಗಿಸುವುದಾದರೆ 8,510 ರೂ. ತೆರಿಗೆ ಬೇರೆ. ಕಟ್ಟುವ ಮುನ್ನ ಆ ದಿನದ ದರವನ್ನು ವಿಚಾರಿಸಿಕೊಳ್ಳಿ. ಎಂಜಿನ್ನಿನ ಗಾತ್ರ, ಗಾಡಿಯ ತೂಕ, ಬಳಕೆ ಇಷ್ಟನ್ನೇ ಈ ಪಟ್ಟಿ ನೋಡುತ್ತದೆ. ಚಾಲಕನ ವಯಸ್ಸಿನ ಅಂಕಣವೇ ಅದರಲ್ಲಿಲ್ಲ.

ಸರಕು ಗಾಡಿಯ ಆ ಎರಡು ದರಗಳ ನಡುವಿನ ಅಂತರ ಕಂಡು ಕೆಲವರಿಗೆ ಆಸೆಯಾಗುತ್ತದೆ. ಹಾಲಿನ ರೂಟಿಗೆ ಬಾಡಿಗೆ ಓಡಿಸುತ್ತಾ ಸ್ವಂತ ಸರಕು ಎಂದು ಬರೆಸಿದರೆ ಉಳಿಯುವುದು ಏಳೂವರೆ ಸಾವಿರ. ಅಪಘಾತವಾದ ದಿನ ಕಂಪನಿಯ ಸರ್ವೇಯರ್ ಮೊದಲು ಕೇಳುವುದೇ ಟ್ರಿಪ್ ಶೀಟು ಮತ್ತು ಬಾಡಿಗೆ ಬಿಲ್ಲು.

ಸ್ವಂತ ಗಾಡಿಯ ಹಾನಿಗೆ ಕಟ್ಟುವ ಕಂತು ಕಂಪನಿಯಿಂದ ಕಂಪನಿಗೆ ಬೇರೆ. ಗಾಡಿಯ ಈಗಿನ ಬೆಲೆ, ವಯಸ್ಸು, ಎಂಜಿನ್ನು, ನೋಂದಣಿಯಾದ ಊರು, ಇವು ಮುಖ್ಯ. 2022ರ ಜುಲೈಯಿಂದ ವಿಮಾ ಪ್ರಾಧಿಕಾರವು, ಎಷ್ಟು ಕಿಲೋಮೀಟರು ಓಡಿಸುತ್ತೀರಿ ಮತ್ತು ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ಕಂತು ಹೆಚ್ಚು ಕಡಿಮೆ ಮಾಡುವ ಸೌಲಭ್ಯವನ್ನೂ ಕಂಪನಿಗಳು ನೀಡಬಹುದೆಂದು ಅನುಮತಿ ಕೊಟ್ಟಿದೆ. ಚಾಲಕನ ಕೈಗುಣ ಕಂತಿನ ಮೇಲೆ ನೇರವಾಗಿ ಬೀಳುವುದು ಇದೊಂದರಲ್ಲಿಯೇ. ತಿಂಗಳಿಗೆ ನಾಲ್ಕು ಸಲ ಪೇಟೆಗೆ ಹೋಗಿಬರುವ ಕಾರಿಗೆ ಇದನ್ನು ವಿಚಾರಿಸುವುದು ಲಾಭ. ದಿನಕ್ಕೆರಡು ಸಲ ಹಾಲಿನ ರೂಟು ಸುತ್ತುವ ಗಾಡಿಗೆ ಏನೂ ಉಪಯೋಗವಿಲ್ಲ.

ಮಗ ತಾಗಿಸಿದರೆ ಅಪ್ಪನ ಬೋನಸ್ಸು ಹೋಗುತ್ತದೆ

ಒಂದು ವರ್ಷ ಸ್ವಂತ ಹಾನಿಯ ಕ್ಲೇಮು ಮಾಡದಿದ್ದರೆ ಮುಂದಿನ ವರ್ಷ ಆ ಭಾಗದ ಕಂತಿನಲ್ಲಿ ಶೇಕಡಾ 20 ರಿಯಾಯಿತಿ ಸಿಗುತ್ತದೆ. ಸತತವಾಗಿ ಕ್ಲೇಮು ಇಲ್ಲದಿದ್ದರೆ 25, 35, 45 ಎಂದು ಏರಿ ಐದನೇ ವರ್ಷಕ್ಕೆ ಶೇಕಡಾ 50 ಆಗುತ್ತದೆ. ಇದೇ ನೋ ಕ್ಲೇಮ್ ಬೋನಸ್. ಇದು ಗಾಡಿಗಲ್ಲ, ವಿಮೆ ಮಾಡಿಸಿದ ವ್ಯಕ್ತಿಗೆ ಸೇರಿದ್ದು. ಹಳೆಯ ಕಾರು ಮಾರಿ ಹೊಸದು ಕೊಂಡರೆ ಬೋನಸ್ಸು ಹೊಸ ಕಾರಿಗೆ ಬರುತ್ತದೆ. ಆದರೆ ಕ್ಲೇಮು ಮಾಡಿದ ವರ್ಷ ಅದು ಸೊನ್ನೆಗೆ ಇಳಿಯುತ್ತದೆ, ಅಪಘಾತ ಮಾಡಿದವರು ಯಾರೇ ಇರಲಿ.

ಒಂದು ಲೆಕ್ಕ ನೋಡಿ. ಸ್ವಂತ ಹಾನಿಯ ಪೂರ್ತಿ ಕಂತು 8,000 ರೂ. ಎಂದಿಟ್ಟುಕೊಳ್ಳಿ. ಅಪ್ಪ ಐದು ವರ್ಷ ಕ್ಲೇಮಿಲ್ಲದೆ ಓಡಿಸಿ ಅರ್ಧ ರಿಯಾಯಿತಿ ಪಡೆದು 4,000 ರೂ. ಕಟ್ಟುತ್ತಿದ್ದಾರೆ. ಮಗ ಕೊಟ್ಟಿಗೆಯ ಕಂಬಕ್ಕೆ ಕಾರು ತಾಗಿಸಿದ. ಗ್ಯಾರೇಜಿನ ಬಿಲ್ಲು 9,000 ರೂ. ಇಂತಹ ಕಾರಿಗೆ ಮೊದಲ 1,000 ರೂ. ಸಾಮಾನ್ಯವಾಗಿ ನಾವೇ ಹಾಕಿಕೊಳ್ಳಬೇಕು. ಹಳೆಯ ಬಿಡಿಭಾಗಗಳ ಸವಕಳಿ ಕಳೆಯದೆ ಕೊಟ್ಟರೂ ಕಂಪನಿಯಿಂದ ಬರುವುದು 8,000 ರೂ. ಈಗ ಮುಂದಿನ ಕಂತುಗಳು: ಮೊದಲ ವರ್ಷ 8,000, ನಂತರ 6,400, 6,000, 5,200, 4,400. ಮತ್ತೆ 4,000ಕ್ಕೆ ಬರುವಷ್ಟರಲ್ಲಿ ಮೊದಲಿಗಿಂತ ಒಟ್ಟು 10,000 ರೂ. ಹೆಚ್ಚು ಕಟ್ಟಿರುತ್ತೀರಿ. 8,000 ಪಡೆಯಲು 10,000 ಕೊಟ್ಟಂತಾಯಿತು. ಗಾಡಿ ಹಳೆಯದಾದಂತೆ ಕಂತು ತಾನಾಗಿ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆಯಾದೀತು, ಆದರೂ ಸಣ್ಣ ಪುಟ್ಟ ತಗ್ಗು, ಗೀರುಗಳಿಗೆ ಕ್ಲೇಮು ಮಾಡುವ ಮುನ್ನ ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ದೊಡ್ಡ ಹಾನಿಗೆ ಅನುಮಾನವೇ ಬೇಡ, ಕ್ಲೇಮು ಮಾಡಿ.

ಇನ್ನೊಂದು ಮಾತು. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೂ ಬೋನಸ್ಸು ಹೋಗುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಸ್ವಂತ ಹಾನಿಯದು ಅನೇಕ ಪಾಲಿಸಿಗಳಲ್ಲಿ ಒಂದೇ ವರ್ಷ. "ಮೂರು ವರ್ಷ ವಿಮೆ ಇದೆ" ಎಂದುಕೊಂಡು ಎರಡನೇ ವರ್ಷ ಸುಮ್ಮನಿದ್ದವರು ಬಹಳ ಮಂದಿ.

ಲೈಸೆನ್ಸಿನ ವಿಚಾರ

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಇಲ್ಲಿದೆ. ಲೈಸೆನ್ಸ್ ಇಲ್ಲದವನ ಕೈಗೆ ಮಾಲೀಕರು ತಿಳಿದೂ ಗಾಡಿ ಕೊಟ್ಟು ಅಪಘಾತವಾದರೆ ಸ್ವಂತ ಗಾಡಿಯ ರಿಪೇರಿ ಹಣ ಬರುವುದಿಲ್ಲ. ಅದು ಹೋಗಲಿ ಎನ್ನೋಣ. ಎದುರಿನವರು ಸತ್ತರೆ ಅಥವಾ ಅಂಗವಿಕಲರಾದರೆ? ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ ಕೊಟ್ಟ ಪ್ರಸಿದ್ಧ ತೀರ್ಪಿನ ಪ್ರಕಾರ, ಇಂತಹ ಸಂದರ್ಭದಲ್ಲಿ ನೊಂದವರ ಕುಟುಂಬ ಬರಿಗೈಯಲ್ಲಿ ಹೋಗಬಾರದೆಂದು ವಿಮಾ ಕಂಪನಿಯೇ ಮೊದಲು ಪರಿಹಾರ ಕೊಟ್ಟು, ನಂತರ ಅದನ್ನು ಮಾಲೀಕರಿಂದ ವಸೂಲು ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಹನ್ನೆರಡು ಲಕ್ಷ ಪರಿಹಾರವೆಂದು ಆದೇಶವಾದರೆ ಆ ಹನ್ನೆರಡು ಲಕ್ಷಕ್ಕೆ ನಿಮ್ಮ ಜಮೀನಿನ ಮೇಲೆ ವಸೂಲಿ ಬರುತ್ತದೆ. ಪಾಲಿಸಿ ಇದ್ದೂ ಇಲ್ಲದ ಹಾಗೆ.

ಅದೇ ತೀರ್ಪು ಮಾಲೀಕರ ಪರವಾಗಿಯೂ ಒಂದು ಮಾತು ಹೇಳಿದೆ. ಚಾಲಕನಲ್ಲಿ ಲೈಸೆನ್ಸ್ ಇರಲಿಲ್ಲವೆಂದು ತೋರಿಸಿದರೆ ಸಾಲದು, ಮಾಲೀಕರು ಎಚ್ಚರ ವಹಿಸಲಿಲ್ಲವೆಂದು ಕಂಪನಿಯೇ ರುಜುವಾತು ಮಾಡಬೇಕು. ಡ್ರೈವರನ್ನು ಇಟ್ಟುಕೊಳ್ಳುವಾಗ ಅವನ ಲೈಸೆನ್ಸ್ ಕೇಳಿ ನೋಡಿ, ಅವನು ಓಡಿಸುವುದನ್ನೂ ಪರೀಕ್ಷಿಸಿ, ನಂಬಿ ಕೊಟ್ಟಿದ್ದರೆ, ಆಮೇಲೆ ಅದು ನಕಲಿ ಎಂದು ತಿಳಿದುಬಂದರೂ ಮಾಲೀಕರನ್ನು ಅಷ್ಟಕ್ಕೇ ಹೊಣೆ ಮಾಡಲಾಗದು. ಹೀಗಾಗಿ ಲೈಸೆನ್ಸಿನ ಜೆರಾಕ್ಸ್ ಪ್ರತಿಯೊಂದನ್ನು ತೆಗೆದು ಮನೆಯಲ್ಲಿಡಿ. ಎರಡು ರೂಪಾಯಿ ಖರ್ಚಿನ ಕೆಲಸ.

ಅವಧಿ ಮುಗಿದ ಲೈಸೆನ್ಸಿನ ಬಗ್ಗೆ ಹಳೆಯ ನಂಬಿಕೆಯೊಂದು ಉಳಿದುಕೊಂಡಿದೆ. ಮೊದಲು ಮುಗಿದ ಮೇಲೂ 30 ದಿನ ನಡೆಯುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಿದ್ದಾರೆ. ಅವಧಿಗೆ ಒಂದು ವರ್ಷ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಎಲ್.ಎಲ್.ಆರ್. ಇರುವ ಹುಡುಗ ಓಡಿಸುವುದಾದರೆ ಪಕ್ಕದಲ್ಲಿ ಲೈಸೆನ್ಸ್ ಉಳ್ಳವರು ಕುಳಿತಿರಬೇಕು, ಗಾಡಿಗೆ ಕಲಿಯುವವರ ಗುರುತಿನ ಫಲಕವೂ ಇರಬೇಕು. ಸರಕು ಗಾಡಿಯಾದರೆ ಇನ್ನೂ ಬಿಗಿ: ಕ್ಯಾನು ತುಂಬಿರುವಾಗ ಕಲಿಯುವವನು ಓಡಿಸುವಂತೆಯೇ ಇಲ್ಲ. ಬೆಳಗಿನ ರೂಟಿನಲ್ಲಿ ಖಾಲಿ ರಸ್ತೆಯೆಂದು ಹುಡುಗನಿಗೆ ಸ್ಟೇರಿಂಗ್ ಕೊಟ್ಟು ಕಲಿಸುವವರು ಇದನ್ನು ಗಮನಿಸತಕ್ಕದ್ದು. ಇನ್ನು ಹದಿನೆಂಟು ತುಂಬದವರ ಮಾತು: ಅವರ ಕೈಯಲ್ಲಿ ಅಪರಾಧವಾದರೆ 2019ರ ತಿದ್ದುಪಡಿಯಂತೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂ. ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು.

ಹಾಲಿನ ಗಾಡಿ ಓಡಿಸುವವರಿಗೆ ಒಂದು ಸಿಹಿ ಸುದ್ದಿ. ಕಾರಿನ ಲೈಸೆನ್ಸ್ ಇಟ್ಟುಕೊಂಡು ಸರಕು ಗಾಡಿ ಓಡಿಸಿದ್ದಾನೆ, ಸಾರಿಗೆ ವಾಹನದ ಮುದ್ರೆ ಇಲ್ಲ ಎಂಬ ತಕರಾರಿನಿಂದ ಕಂಪನಿಗಳು ಹಿಂದೆ ಎಷ್ಟೋ ಕ್ಲೇಮುಗಳನ್ನು ನಿರಾಕರಿಸುತ್ತಿದ್ದವು. ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಈ ವಿವಾದ ಮುಗಿಸಿತು. ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಬೇರೆ ಮುದ್ರೆಯಿಲ್ಲದೆ ಓಡಿಸಬಹುದು. ಒಟ್ಟು ತೂಕವೆಂದರೆ ಗಾಡಿ ಮತ್ತು ಅದರ ಪೂರ್ತಿ ಹೊರೆ ಸೇರಿ, ಆರ್.ಸಿ.ಯಲ್ಲಿ ನಮೂದಾಗಿರುತ್ತದೆ. ಟಾಟಾ ಏಸ್, ಬೊಲೆರೊ ಪಿಕಪ್ ಇವೆಲ್ಲ ಈ ಮಿತಿಯೊಳಗೇ ಇವೆ. ಮಿತಿ ಮೀರಿದ ದೊಡ್ಡ ಹಾಲಿನ ಟ್ಯಾಂಕರಿಗೆ ಸಾರಿಗೆ ಲೈಸೆನ್ಸ್ ಬೇಕೇ ಬೇಕು.

ಓಡಿಸಿದವನಿಗೇ ಏನಾದರೂ ಆದರೆ

ಇದನ್ನು ಯಾರೂ ಯೋಚಿಸುವುದಿಲ್ಲ. ಥರ್ಡ್ ಪಾರ್ಟಿ ಎಂದರೆ ಹೊರಗಿನವರು. ಮಾಲೀಕ ಚಾಲಕರಿಗಾಗಿ 15 ಲಕ್ಷ ರೂ.ಗಳ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ 2018ರಿಂದ ಇದೆ. ಆದರೆ ಅದು ಯಾರ ಹೆಸರಿನಲ್ಲಿ ಆರ್.ಸಿ. ಇದೆಯೋ ಅವರಿಗೆ, ಅದೂ ಅವರಲ್ಲಿ ಲೈಸೆನ್ಸ್ ಇದ್ದರೆ ಮಾತ್ರ. ಅಪ್ಪನ ಹೆಸರಿನ ಕಾರನ್ನು ಓಡಿಸುವ ಮಗನಿಗೆ ಅದು ಅನ್ವಯಿಸುವುದಿಲ್ಲ. ಸಬ್ಸಿಡಿಗಾಗಿಯೋ ಸಾಲದ ಅನುಕೂಲಕ್ಕಾಗಿಯೋ ಲೈಸೆನ್ಸೇ ಇಲ್ಲದ ತಾಯಿಯ ಹೆಸರಿನಲ್ಲಿ ಗಾಡಿ ತೆಗೆದಿದ್ದರೆ ಆ 15 ಲಕ್ಷದ ರಕ್ಷಣೆ ಮನೆಯಲ್ಲಿ ಯಾರಿಗೂ ಇಲ್ಲ.

ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ನಡೆದ ಅಪಘಾತವೊಂದರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪಾಯಿತು. ಬೇರೆಯವರ ಮೋಟಾರ್ ಸೈಕಲ್ಲನ್ನು ಕೇಳಿ ಪಡೆದು ಊರಿಗೆ ಹೊರಟಿದ್ದವರು, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಹಠಾತ್ತನೆ ನಿಂತಾಗ ಅದಕ್ಕೆ ಡಿಕ್ಕಿಯಾಗಿ ತೀರಿಕೊಂಡಿದ್ದರು. ಗಾಡಿ ಕೇಳಿ ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಹೊರಗಿನವನಾಗುವುದಿಲ್ಲ, ಆದ್ದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಕಲಮಿನಡಿ ಅವನ ವಾರಸುದಾರರು ಆ ಗಾಡಿಯ ವಿಮಾ ಕಂಪನಿಯನ್ನು ಕೇಳಲಾಗದು ಎಂದು ಕೋರ್ಟು ಹೇಳಿತು. ಬೇರೆ ಕಲಮಿನಡಿ ದಾರಿಯಿದೆಯೇ ಎಂದು ನೋಡಲು ಹೈಕೋರ್ಟಿಗೆ ಮರಳಿಸಿತು. ದುಡಿಯುವವನನ್ನು ಕಳೆದುಕೊಂಡ ಮನೆ ಇಷ್ಟು ವರ್ಷ ಕೋರ್ಟು ಅಲೆಯಬೇಕು.

ನಮ್ಮ ದೇಶದ ಪಾಲಿಸಿಯಲ್ಲಿ ಹೆಸರು ಹಿಡಿದು ಬರೆಸಿ ಹೆಚ್ಚಿಗೆ ಕಟ್ಟುವುದಕ್ಕೆ ಅರ್ಥವಿರುವುದು ಇಲ್ಲಿಯೇ. ಮಗನ ಹೆಸರು ಸೂಚಿಸಿ ಅವನಿಗೆ ಅಪಘಾತ ವಿಮೆಯನ್ನು ಅದೇ ಪಾಲಿಸಿಗೆ ಸೇರಿಸಬಹುದು. ಖಾಸಗಿ ಕಾರಿನಲ್ಲಿ ಹಳೆಯ ದರಪಟ್ಟಿಯ ಮಿತಿ ಒಬ್ಬರಿಗೆ 2 ಲಕ್ಷ ರೂ. ಏಜೆಂಟರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಉತ್ತಮವಾದದ್ದು, ಓಡಿಸುವ ಮಗನ ಹೆಸರಿಗೇ ಬೇರೆಯಾಗಿ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸುವುದು. ಅವನು ಯಾರ ಗಾಡಿ ಹತ್ತಿದರೂ ಅದು ಜೊತೆಗಿರುತ್ತದೆ. ಏನೂ ಆಗದಿದ್ದರೆ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನಾದರೂ ಮಾಡಿಸಿ. 18ರಿಂದ 70 ವರ್ಷದವರಿಗೆ 2 ಲಕ್ಷ ರೂ. ರಕ್ಷಣೆ, 2022ರ ಜೂನಿನಿಂದ ವರ್ಷದ ಕಂತು 20 ರೂಪಾಯಿ. ಹಾಲಿನ ಬಟವಾಡೆ ಬರುವ ಖಾತೆಯಿಂದಲೇ ಕಡಿತವಾಗುತ್ತದೆ.

ಸಂಬಳದ ಡ್ರೈವರ್ ಇದ್ದರೆ ಅವನ ಬಾಬ್ತು ಬೇರೆ. ಅವನಿಗೆ ಗಾಯವಾದರೆ ಮಾಲೀಕರು ಪರಿಹಾರಕ್ಕೆ ಹೊಣೆಗಾರರು. ಖಾಸಗಿ ಕಾರಿನ ಪಾಲಿಸಿಯಲ್ಲಿ ಈ ಹೊಣೆಗೆ ಒಬ್ಬ ಚಾಲಕನಿಗೆ ಸಾಮಾನ್ಯವಾಗಿ 50 ರೂ. ಮಾತ್ರ ಹೆಚ್ಚಿಗೆ ಪಡೆಯುತ್ತಾರೆ. ಇದನ್ನು ಬಿಡುವುದು ಜಿಪುಣತನವೂ ಅಲ್ಲ, ಜಾಣತನವೂ ಅಲ್ಲ. ನಿಮ್ಮ ಪಾಲಿಸಿಯಲ್ಲಿ ಈ ಸಾಲು ಇದೆಯೇ ನೋಡಿಕೊಳ್ಳಿ.

ಕ್ಯಾನುಗಳ ಮೇಲೆ ಕುಳಿತು ಬರುವವರು

ಪಿಕಪ್ಪಿನ ಹಿಂಭಾಗದಲ್ಲಿ ಕ್ಯಾನುಗಳ ಮಧ್ಯೆ ನಿಂತು ಪೇಟೆಗೆ ಬರುವ ಶಾಲೆ ಮಕ್ಕಳು, ಸಂತೆಗೆ ಹೋಗುವವರು ನಮ್ಮೆಲ್ಲರ ಕಣ್ಣಿಗೆ ದಿನವೂ ಬೀಳುತ್ತಾರೆ. ಇವರಿಗೆ ವಿಮೆಯ ರಕ್ಷಣೆ ಇಲ್ಲ. ಸರಕು ಗಾಡಿಯಲ್ಲಿ ಸರಕಿನ ಮಾಲೀಕರು ಅಥವಾ ಅವರ ಅಧಿಕೃತ ಪ್ರತಿನಿಧಿ ಬರಬಹುದೆಂದು 1994ರ ತಿದ್ದುಪಡಿ ಹೇಳುತ್ತದೆ, ಉಳಿದವರು ಬಿಟ್ಟಿ ಪ್ರಯಾಣಿಕರು, ಅವರ ಹೊಣೆ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿ ಎರಡು ದಶಕ ಕಳೆಯಿತು. "ಪಾಪ, ಬಸ್ಸಿಲ್ಲ" ಎಂದು ಹತ್ತಿಸಿಕೊಂಡ ಮಾಲೀಕನೇ ಪರಿಹಾರ ತೆರಬೇಕಾದೀತು.

ಹಳೆಯ ಓಮ್ನಿಯಂತಹ ಖಾಸಗಿ ಕಾರಿನಲ್ಲಿ ನೆರೆಹೊರೆಯವರ ಹಾಲನ್ನು ಬಾಡಿಗೆ ಪಡೆದು ಸಾಗಿಸುವುದೂ ಪಾಲಿಸಿಯ ಷರತ್ತಿಗೆ ವಿರುದ್ಧ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯನ್ನೂ, ಸರಕು ಸಾಗಣೆಯನ್ನೂ ಹೊರಗಿಡುತ್ತದೆ.

ಹೆಸರು ಬದಲಾವಣೆ

ಗಾಡಿ ಮಾರಿದವರು ಆರ್.ಟಿ.ಓ. ಕಚೇರಿಯಲ್ಲಿ ಹೆಸರು ವರ್ಗಾಯಿಸುವುದನ್ನು ಕೊಂಡವರಿಗೆ ಬಿಟ್ಟು ಸುಮ್ಮನಾಗುತ್ತಾರೆ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೂ ಅರ್ಜಿ ಕೊಡಬೇಕು. ಕೊಡದಿದ್ದರೆ ಹೊರಗಿನವರ ರಕ್ಷಣೆ ಮುಂದುವರಿದರೂ ಸ್ವಂತ ಗಾಡಿಯ ಹಾನಿಗೆ ಹಣ ಸಿಗುವುದು ಕಷ್ಟ.

ವಿಮೆ ಮಾಡಿಸಿದವರು ತೀರಿಕೊಂಡರೆ ಪಾಲಿಸಿ ಆ ದಿನವೇ ನಿಲ್ಲುವುದಿಲ್ಲ. ಮೂರು ತಿಂಗಳು ಅಥವಾ ಪಾಲಿಸಿಯ ಅವಧಿ, ಯಾವುದು ಮೊದಲೋ ಅಲ್ಲಿಯವರೆಗೆ ವಾರಸುದಾರರಿಗೆ ನಡೆಯುತ್ತದೆ. ಅಷ್ಟರೊಳಗೆ ಮರಣ ಪತ್ರ, ಆರ್.ಸಿ., ಮೂಲ ಪಾಲಿಸಿಯೊಂದಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ತೀರಿಕೊಂಡವರು ಗಳಿಸಿದ್ದ ಬೋನಸ್ಸು ಪತ್ನಿ ಅಥವಾ ಪತಿ, ಮಕ್ಕಳು, ಇಲ್ಲವೆ ತಂದೆ ತಾಯಿಗೆ ಬರುತ್ತದೆ. ಕೇಳಿದರೆ ಮಾತ್ರ.

ಕಂಪನಿಯವರು ಸ್ವಂತ ಹಾನಿಯ ಕ್ಲೇಮನ್ನು ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಬರೆಯಬಹುದು. ವ್ಯಕ್ತಿಗಳು ತಮಗಾಗಿ ಮಾಡಿಸಿದ ಪಾಲಿಸಿಯ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂ.ವರೆಗಿನ ಪ್ರಕರಣಗಳನ್ನು ಅವರು ನೋಡುತ್ತಾರೆ. ಹೊರಗಿನವರ ಪರಿಹಾರದ ವ್ಯಾಜ್ಯ ಮಾತ್ರ ಅವರ ವ್ಯಾಪ್ತಿಗೆ ಬಾರದು, ಅದಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಯೇ ಸರಿ.